ಬಚ್ಚಿಡುವುದಕ್ಕೊಂದು ಅಪ್ಪಣೆ ಚೀಟಿ

ಬಚ್ಚಿಡುವ ಕೆಲಸಕ್ಕೆ ಮುಂಚಿತವಾಗಿ ಅರ್ಜಿ ಬರೆದು, ಬಚ್ಚಿಡುವ ಜಾಗದ ನಕಾಶೆಯನ್ನು ಲಗತ್ತಿಸಿ, ಸಂಬಂಧಪಟ್ಟ ಅಧಿಕಾರಿಯ ರುಜುವಿಗಾಗಿ ಕಾದು ಕುಳಿತವರು ಮನುಷ್ಯನ ಚರಿತ್ರೆಯಲ್ಲಿ ಬಹಳ ಮಂದಿ ಇದ್ದಂತಿಲ್ಲ. ಹೊನ್ನಿನ ಕೊಪ್ಪರಿಗೆ ಹೂಳಿದ ಪಾಳೆಯಗಾರನಿಗಾಗಲಿ, ಕದ್ದ ಮಾವಿನಕಾಯಿಗಳನ್ನು ಹುಲ್ಲಿನ ಬಣವೆಯೊಳಗೆ ಸೇರಿಸಿದ ಹುಡುಗನಿಗಾಗಲಿ ಅಂಥ ಯೋಚನೆ ಸುಳಿದಿರಲಾರದು. ಆದರೆ ಈ ಶತಮಾನದ ಮೊದಲ ದಶಕದಿಂದೀಚೆಗೆ ಅಮೆರಿಕದ ನಗರ, ಕೌಂಟಿ ಮತ್ತು ರಾಜ್ಯಗಳ ಉದ್ಯಾನ ಇಲಾಖೆಗಳಿಗೆ ಇಂಥ ಅರ್ಜಿಗಳು ಬರುತ್ತಲೇ ಇವೆ. ಹಲವು ಇಲಾಖೆಗಳು ಅದಕ್ಕೆಂದೇ ನಮೂನೆಗಳನ್ನು ಸಿದ್ಧಪಡಿಸಿಟ್ಟಿವೆ. ಅರ್ಜಿದಾರರು ಬಚ್ಚಿಡಬಯಸುವ ವಸ್ತುವೋ, ಒಂದು ಟಿಪ್ಪಣಿ ಪುಸ್ತಕ, ಒಂದು ಪೆನ್ಸಿಲ್ ಮತ್ತು ಜಾತ್ರೆಯಲ್ಲಿ ಸಿಗುವಂಥ ಒಂದೆರಡು ಅಗ್ಗದ ಗೊಂಬೆಗಳಿರುವ ಪ್ಲಾಸ್ಟಿಕ್ ಡಬ್ಬಿ. ಅದನ್ನು ಕದ್ದರೆ ಕದ್ದವರಿಗೆ ಲಾಭವಿಲ್ಲ, ಕಳೆದುಕೊಂಡರೆ ಕಳೆದುಕೊಂಡವರಿಗೆ ಹೆಚ್ಚಿನ ನಷ್ಟವೂ ಇಲ್ಲ. ಇಷ್ಟು ಹಗುರವಾದ ವಸ್ತುವೊಂದು ಇಷ್ಟು ತೂಕದ ಕಡತವನ್ನು ಹೇಗೆ ಹುಟ್ಟಿಸಿತು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಜಿಯೋಕ್ಯಾಶಿಂಗ್ ಎಂದು ಕರೆಯಲಾಗುವ ಈ ಆಟದ ಸ್ವರೂಪ ಸರಳವಾದದ್ದು. ಒಬ್ಬರು ನೀರಿಳಿಯದ ಡಬ್ಬಿಯೊಂದನ್ನು ಮರದ ಬೇರಿನ ಸಂದಿಯಲ್ಲೋ ಬಂಡೆಯ ಮರೆಯಲ್ಲೋ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಜಿಪಿಎಸ್ ಉಪಕರಣದಿಂದ ಗೊತ್ತುಮಾಡಿಕೊಂಡು, ಅವನ್ನು ಅಂತರ್ಜಾಲದ ಪಟ್ಟಿಯಲ್ಲಿ ಪ್ರಕಟಿಸುತ್ತಾರೆ. ಮಿಕ್ಕವರು ಆ ಅಂಕಿಗಳ ಬೆನ್ನುಹತ್ತಿ ಹೋಗಿ, ಡಬ್ಬಿಯನ್ನು ಪತ್ತೆಹಚ್ಚಿ, ಲಾಗ್ ಪುಸ್ತಕವೆಂದು ಕರೆಯುವ ಟಿಪ್ಪಣಿ ಪುಸ್ತಕದಲ್ಲಿ ಹೆಸರು ತಾರೀಖು ಬರೆದು, ಬೇಕೆನಿಸಿದರೆ ಒಳಗಿನ ಗೊಂಬೆಯನ್ನು ತೆಗೆದುಕೊಂಡು ಅದಕ್ಕೆ ಸಮನಾದ ಇನ್ನೊಂದನ್ನು ಹಾಕಿ, ಡಬ್ಬಿಯನ್ನು ಮೊದಲಿದ್ದಂತೆಯೇ ಇಟ್ಟು ಬರುತ್ತಾರೆ. ಈ ಡಬ್ಬಿಗೆ ಆಟಗಾರರ ಮಾತಿನಲ್ಲಿ ಕ್ಯಾಶ್ ಎಂದು ಹೆಸರು. ಆಟವನ್ನು ಅರಿಯದ ದಾರಿಹೋಕರಿಗೆ ಮಗಲ್ ಎಂಬ ಹೆಸರಿದೆ. ಹ್ಯಾರಿ ಪಾಟರ್ ಕಥೆಗಳಲ್ಲಿ ಮಾಂತ್ರಿಕ ವಿದ್ಯೆ ಇಲ್ಲದ ಸಾಮಾನ್ಯರನ್ನು ಕರೆಯುವ ಹೆಸರನ್ನೇ ಇವರು ಎರವಲು ಪಡೆದಿದ್ದಾರೆ. ಮಗಲ್‌ಗಳ ಕಣ್ಣಿಗೆ ಬೀಳದಂತೆ ಡಬ್ಬಿಯನ್ನು ತೆಗೆಯುವುದು, ಬಿದ್ದರೆ ಏನನ್ನೋ ಕಳೆದುಕೊಂಡವರಂತೆ ನೆಲ ನೋಡುತ್ತ ನಿಲ್ಲುವುದು, ಇವೆಲ್ಲ ಆಟದ ಸೊಗಸಿಗೆ ಸೇರಿದ ನಟನೆಗಳು.

ಇದರ ಹುಟ್ಟಿನ ದಿನಾಂಕವನ್ನು ಹೇಳಲು ಸಂಶೋಧಕರು ಕಷ್ಟಪಡಬೇಕಾಗಿಲ್ಲ. ಉಪಗ್ರಹಗಳಿಂದ ಬರುವ ಜಿಪಿಎಸ್ ಸಂಕೇತಗಳಲ್ಲಿ ನಾಗರಿಕರ ಪಾಲಿಗೆ ಅಮೆರಿಕದ ಸೇನೆ ಬೇಕೆಂದೇ ಸುಮಾರು 100 ಮೀಟರುಗಳ ದೋಷವನ್ನು ಬೆರೆಸುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ 2000ನೆಯ ಇಸವಿ ಮೇ 2ರಂದು ಆ ಬೆರಕೆ ನಿಂತು, ಸಾಮಾನ್ಯರ ಕೈಯ ಉಪಕರಣಗಳು ಏಕಾಏಕಿ ಹತ್ತಿಪ್ಪತ್ತು ಮೀಟರುಗಳೊಳಗೆ ಜಾಗ ತೋರಿಸತೊಡಗಿದವು. ಮರುದಿನವೇ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಅಲ್ಮರ್ ಎಂಬವರು ಕಪ್ಪು ಬಕೆಟ್ಟೊಂದನ್ನು ಅರೆಬರೆ ಹೂಳಿಟ್ಟು, ಅದರೊಳಗೆ ಪುಸ್ತಕ, ತಂತ್ರಾಂಶ, ಚಾಟಿಬಿಲ್ಲು ಮತ್ತು ಬೇಯಿಸಿದ ಬೀನ್ಸ್ ಕಾಳಿನ ಒಂದು ತಗಡಿನ ಡಬ್ಬವನ್ನು ಸೇರಿಸಿ, ಜಾಗದ ಅಂಕಿಗಳನ್ನು ಲೋಕಕ್ಕೆ ತಿಳಿಸಿದರು. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬವರು ಅದನ್ನು ಕಂಡುಹಿಡಿದರು. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಎಂಬವರು ಸೂಚಿಸಿದ ಈಗಿನ ಹೆಸರು ನಿಂತಿತು. ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಷ್ ಆರಂಭಿಸಿದ ಜಾಲತಾಣ ಮುಂದೆ ಸಿಯಾಟಲ್ ನಗರದ ಕಂಪನಿಯಾಗಿ ಬೆಳೆದು, ಇಂದು ಲೋಕದಾದ್ಯಂತ 30 ಲಕ್ಷಕ್ಕೂ ಮಿಕ್ಕ ಡಬ್ಬಿಗಳ ದಫ್ತರವನ್ನು ಕಾಪಾಡುತ್ತಿದೆ. ಆ ಮೂಲ ಬಕೆಟ್ಟಿಗೆ ಯಾರೂ ಅನುಮತಿ ಕೇಳಿದ ದಾಖಲೆಯಿಲ್ಲ. ಕೇಳಿದ್ದರೂ ಈಗಿನ ನಿಯಮಗಳ ಮುಂದೆ ಅದು ನಿಲ್ಲುತ್ತಿರಲಿಲ್ಲ; ಏಕೆಂದರೆ ನೆಲ ಅಗೆದು ಹೂಳಕೂಡದು, ಡಬ್ಬಿಯೊಳಗೆ ತಿನ್ನುವ ಪದಾರ್ಥ ಇರಕೂಡದು ಎಂಬ ಎರಡು ಕಟ್ಟಳೆಗಳನ್ನೂ ಆದಿಪುರುಷರ ಬಕೆಟ್ಟು ಒಂದೇ ಏಟಿಗೆ ಮುರಿದಿತ್ತು.

ಮೊದಮೊದಲು ಅನುಮತಿಯ ಪ್ರಶ್ನೆ ಎದ್ದಾಗ ಆಟಗಾರರ ನಡುವೆ ಒಂದು ವಾದ ಚಾಲ್ತಿಗೆ ಬಂದಿತು; ಅದನ್ನು ಅವರು ಫ್ರಿಸ್ಬಿ ನಿಯಮ ಎಂದು ಕರೆದರು. ಫ್ರಿಸ್ಬಿ ಎಂದರೆ ಕೈಯಿಂದ ಕೈಗೆ ತೇಲಿಬಿಟ್ಟು ಆಡುವ ಪ್ಲಾಸ್ಟಿಕ್ ತಟ್ಟೆ. ಸಾರ್ವಜನಿಕ ಉದ್ಯಾನದ ಹುಲ್ಲಿನ ಮೇಲೆ ಫ್ರಿಸ್ಬಿ ಆಡಲು ಯಾರೂ ಅರ್ಜಿ ಹಾಕುವುದಿಲ್ಲ, ಆದಕಾರಣ ಅಪ್ಪಣೆಯಿಲ್ಲದೆ ಫ್ರಿಸ್ಬಿ ಆಡಬಹುದಾದ ಜಾಗದಲ್ಲಿ ಅಪ್ಪಣೆಯಿಲ್ಲದೆ ಡಬ್ಬಿಯನ್ನೂ ಇಡಬಹುದು ಎಂಬುದು ಆ ವಾದದ ತಿರುಳು. ತರ್ಕ ಮೇಲ್ನೋಟಕ್ಕೆ ಅಚ್ಚುಕಟ್ಟಾಗಿದೆ, ತೆರಿಗೆ ಕೊಡುವ ಪ್ರಜೆಯ ಬಾಯಲ್ಲಿ ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ. ಆದರೆ ಫ್ರಿಸ್ಬಿ ಸಂಜೆಗೆ ಆಡಿದವರ ಜೊತೆ ಮನೆಗೆ ಹೋಗುತ್ತದೆ, ಡಬ್ಬಿ ಹೋಗುವುದಿಲ್ಲ ಎಂಬ ಚಿಕ್ಕ ವ್ಯತ್ಯಾಸವನ್ನು ಅದು ಗಮನಕ್ಕೆ ತಂದುಕೊಳ್ಳಲಿಲ್ಲ. ಕಾನೂನು ಹಿಡಿದದ್ದು ಆ ವ್ಯತ್ಯಾಸವನ್ನೇ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗೆ ಅನ್ವಯಿಸುವ ಒಕ್ಕೂಟ ನಿಯಮಾವಳಿಯ 36ನೆಯ ಶೀರ್ಷಿಕೆಯ 2.22ನೆಯ ಕಲಮಿನ ಪ್ರಕಾರ ಉದ್ಯಾನದೊಳಗೆ ಸ್ವತ್ತನ್ನು ತೊರೆದುಹೋಗುವುದು ನಿಷಿದ್ಧ. ಗೊತ್ತುಪಡಿಸಿದ ಜಾಗಗಳನ್ನು ಬಿಟ್ಟರೆ ಬೇರೆಡೆ ವಸ್ತುವನ್ನು 24 ಗಂಟೆಗಳಿಗಿಂತ ಹೆಚ್ಚು ಕಾಲ ಕಾವಲಿಲ್ಲದೆ ಬಿಡುವುದೂ ನಿಷಿದ್ಧ. ಈ ಕಲಮನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಮರೆತುಹೋದ ಡೇರೆಯೋ ಕೆಟ್ಟುನಿಂತ ವಾಹನವೋ ಇರಬೇಕು. ಆದರೆ ಅವರು ಕಾಣದ ಆಟಕ್ಕೆ ಅದು ಅಳತೆ ತೆಗೆದುಕೊಂಡು ಹೊಲಿಸಿದಂತೆ ಹೊಂದಿಕೊಂಡಿತು.

ಇಲ್ಲಿಯೇ ವಿಷಯದ ನಿಜವಾದ ತೊಡಕು ಕಾಣಿಸಿಕೊಳ್ಳುತ್ತದೆ. ಕಚೇರಿಗಳ ಪಾಲಿಗೆ ಒಂದು ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಮುಂಚಿನ ಪ್ರಶ್ನೆ, ಅದು ಯಾವ ಬಾಬಿಗೆ ಸೇರಿದ್ದು ಎಂಬುದು. ಉದ್ಯಾನ ಇಲಾಖೆಯವರ ಬಳಿ ಮದುವೆಗೆ ಮಂಟಪ ಬಾಡಿಗೆ ಕೊಡುವ ನಮೂನೆ ಇರುತ್ತದೆ, ಓಟದ ಸ್ಪರ್ಧೆಗೆ ದಾರಿ ಬಿಡಿಸುವ ನಮೂನೆ ಇರುತ್ತದೆ, ಸತ್ತ ಹಿರಿಯರ ಹೆಸರಿನಲ್ಲಿ ಕಲ್ಲುಬೆಂಚು ಹಾಕಿಸುವ ನಮೂನೆಯೂ ಇರುತ್ತದೆ. ಡಬ್ಬಿ ಇವುಗಳಲ್ಲಿ ಯಾವುದೂ ಅಲ್ಲ. ಕಾರ್ಯಕ್ರಮವೆನ್ನೋಣವೆಂದರೆ ಅದಕ್ಕೆ ಆರಂಭದ ವೇಳೆಯೂ ಮುಗಿಯುವ ವೇಳೆಯೂ ಇಲ್ಲ, ಕಟ್ಟಡವೆನ್ನೋಣವೆಂದರೆ ಅಂಗೈಯಗಲದ್ದು, ಕಸವೆನ್ನೋಣವೆಂದರೆ ಒಡೆಯರು ಎದುರಿಗೇ ನಿಂತು ತಮ್ಮದೆನ್ನುತ್ತಾರೆ, ಕಾಣಿಕೆಯೆನ್ನೋಣವೆಂದರೆ ಇಲಾಖೆಗೆ ಕೊಡುತ್ತಲೂ ಇಲ್ಲ. ಉದ್ಯಾನ ಎಲ್ಲರದು ಎಂಬ ಒಂದೇ ಮಾತನ್ನು ಎರಡು ಕಡೆಯವರು ಎರಡು ಬಗೆಯಾಗಿ ಓದಿಕೊಂಡದ್ದೂ ಇದಕ್ಕೆ ಕೂಡಿತು. ಎಲ್ಲರದಾದ್ದರಿಂದ ತನಗೂ ಅದರಲ್ಲಿ ಪಾಲಿದೆ ಎಂದು ಆಟಗಾರ ಅಂದುಕೊಳ್ಳುತ್ತಾನೆ. ಎಲ್ಲರದಾದ್ದರಿಂದ ಯಾರೊಬ್ಬರೂ ಅಲ್ಲಿ ತಮ್ಮದೆಂಬ ಏನನ್ನೂ ಬಿಟ್ಟುಹೋಗುವಂತಿಲ್ಲ ಎಂದು ಅಧಿಕಾರಿ ಅಂದುಕೊಳ್ಳುತ್ತಾನೆ. ಇಬ್ಬರೂ ತಪ್ಪು ಹೇಳುತ್ತಿಲ್ಲ. ಅನುಮತಿ ಪತ್ರವೆಂಬುದು ಈ ಎರಡು ಓದುಗಳ ನಡುವೆ ಹಾಕಿದ ತೆಳ್ಳನೆಯ ಕಾಲುಸಂಕ.

ಕೇಳಬೇಕೆಂದು ಮನಸ್ಸು ಮಾಡಿದವರಿಗೆ ಮೊದಲು ಎದುರಾಗುವುದು ಯಾರನ್ನು ಕೇಳಬೇಕೆಂಬ ಸಮಸ್ಯೆ. ಅಮೆರಿಕದ ಒಂದೇ ಕಾಲುದಾರಿಯ ಒಂದು ಮಗ್ಗುಲು ನಗರದ ಉದ್ಯಾನ ಮತ್ತು ಮನರಂಜನಾ ಇಲಾಖೆಗೆ ಸೇರಿದ್ದರೆ, ಇನ್ನೊಂದು ಮಗ್ಗುಲು ಕೌಂಟಿಗೋ ನೀರು ಸರಬರಾಜು ಮಂಡಳಿಗೋ ಸೇರಿರಬಹುದು. ರೈಲು ನಿಂತುಹೋದ ಮೇಲೆ ಹಳಿ ಕಿತ್ತು ಸೈಕಲ್ ದಾರಿಯಾಗಿ ಮಾಡಿದ ಪಟ್ಟಿಗಳ ಒಡೆತನವಂತೂ ವಂಶವೃಕ್ಷದಷ್ಟು ಜಟಿಲವಾದದ್ದು. ಆದಕಾರಣ ಗಂಭೀರ ಆಟಗಾರರು ಮೊದಲು ಕೌಂಟಿಯ ಕಂದಾಯ ನಕಾಶೆ ತೆರೆದು, ತಾವು ಆರಿಸಿದ ಮರ ಯಾರ ಪಾಲಿನ ಜಮೀನಿನಲ್ಲಿದೆ ಎಂದು ನೋಡಿಕೊಳ್ಳುತ್ತಾರೆ. ಒಂದು ಮರದ ಪೊಟರೆಗಾಗಿ ಪಹಣಿ ನೋಡುವಷ್ಟು ಶ್ರದ್ಧೆ ಹೊಲ ಕೊಳ್ಳುವವರಲ್ಲಿಯೂ ಯಾವಾಗಲೂ ಕಾಣುವುದಿಲ್ಲ.

ಒಡೆಯರು ಗೊತ್ತಾದ ಮೇಲೆ ಕಚೇರಿ. ಸಣ್ಣ ಊರುಗಳಲ್ಲಿ ಉದ್ಯಾನ ಇಲಾಖೆಯೆಂದರೆ ಇಬ್ಬರೋ ಮೂವರೋ ನೌಕರರು. ಅವರಲ್ಲೊಬ್ಬರು ಬೇಸಿಗೆಯ ಈಜು ತರಗತಿಗಳಿಗೆ ಹೆಸರು ಬರೆದುಕೊಳ್ಳುತ್ತ ಕೂತಿರುವಾಗ, ಡಬ್ಬಿ ಬಚ್ಚಿಡಲು ಅಪ್ಪಣೆ ಬೇಕೆಂದು ಒಬ್ಬರು ಬಂದು ನಿಂತರೆ ಕೇಳಿದವರಿಗೆ ಮೊದಲು ನಗುವೂ ಆಮೇಲೆ ಅನುಮಾನವೂ ಬರುವುದು ಸಹಜ. ಡಬ್ಬಿಯಲ್ಲಿ ಏನಿರುತ್ತದೆ, ಯಾಕೆ ಇಡಬೇಕು, ಇದರಿಂದ ಅರ್ಜಿದಾರರಿಗೆ ಏನು ಸಿಗುತ್ತದೆ ಎಂಬ ಮೂರು ಪ್ರಶ್ನೆಗಳು ತಪ್ಪದೆ ಬರುತ್ತವೆ. ಮೂರನೆಯದಕ್ಕೆ ತೃಪ್ತಿಕರವಾದ ಉತ್ತರ ಈ ತನಕ ಯಾರಿಂದಲೂ ಬಂದಿಲ್ಲ. ಆಟದ ಪರಿಚಯವಿಲ್ಲದ ಕಚೇರಿಯಲ್ಲಿ ಬೇಡವೆನ್ನುವುದು ಅತ್ಯಂತ ಸುಲಭ, ಏಕೆಂದರೆ ಬೇಡವೆಂದವರನ್ನು ಯಾರೂ ಮುಂದೆ ವಿಚಾರಿಸುವುದಿಲ್ಲ; ಆಗಲಿ ಎಂದವರು ಮಾತ್ರ ಮುಂದೆಂದೋ ಯಾರೋ ಕಾಲು ಉಳುಕಿಸಿಕೊಂಡ ದಿನ ಆ ಮಾತಿಗೆ ಜವಾಬು ಹೇಳಬೇಕಾಗುತ್ತದೆ. ಹಾಗಿದ್ದೂ ಸಿಕ್ಕ ಅನುಮತಿಗಳಲ್ಲಿ ಅನೇಕವು ನಿಯಮದ ಬಲದಿಂದಲ್ಲದೆ ಕುತೂಹಲದ ಬಲದಿಂದ ಸಿಕ್ಕವು. ಯಾವನೋ ರೇಂಜರ್, ಎಂದರೆ ಉದ್ಯಾನದ ಕಾವಲು ಮತ್ತು ನಿರ್ವಹಣೆ ನೋಡಿಕೊಳ್ಳುವ ಅಧಿಕಾರಿ, ಒಂದು ಸಂಜೆ ಅರ್ಜಿದಾರರ ಜೊತೆ ನಡೆದುಹೋಗಿ ಡಬ್ಬಿಯೊಂದನ್ನು ತಾನೇ ಹುಡುಕಿ ತೆಗೆದನೆಂದರೆ, ಕಡತಕ್ಕೆ ಅಲ್ಲಿಂದ ಮುಂದೆ ಕಾಲು ಬರುತ್ತದೆ.

ನಮೂನೆಗಳು ರೂಢಿಗೆ ಬಂದಿರುವಲ್ಲಿ ಅವುಗಳ ಅಂಕಣಗಳನ್ನು ಓದುವುದು ತಕ್ಕಮಟ್ಟಿಗೆ ಸಾಹಿತ್ಯಕವಾದ ಅನುಭವ. ಅರ್ಜಿದಾರರ ಹೆಸರು, ವಿಳಾಸ, ದೂರವಾಣಿ, ಡಬ್ಬಿಗೆ ಇಟ್ಟಿರುವ ಹೆಸರು, ಡಬ್ಬಿಯ ಗಾತ್ರ, ಬಣ್ಣ, ಅದು ಯಾವುದರಿಂದ ಮಾಡಿದ್ದು, ಒಳಗಿರುವ ವಸ್ತುಗಳ ಪಟ್ಟಿ, ಅಕ್ಷಾಂಶ ರೇಖಾಂಶ, ಹತ್ತಿರದ ದಾರಿಯಿಂದ ಎಷ್ಟು ದೂರ, ಎಷ್ಟು ದಿನಗಳಿಗೊಮ್ಮೆ ಬಂದು ನೋಡಿಕೊಳ್ಳುವಿರಿ, ಇಲಾಖೆ ತೆಗೆಯಿರಿ ಎಂದರೆ ತೆಗೆಯಲು ಒಪ್ಪುವಿರಾ. ಮರಕ್ಕೆ ಮೊಳೆ ಹೊಡೆಯಕೂಡದು, ನೆಲ ಅಗೆಯಕೂಡದು, ಕೊಂಬೆ ಕಡಿಯಕೂಡದು, ಉದ್ಯಾನ ಮುಚ್ಚಿದ ಮೇಲೆ ಹುಡುಕುವಂತೆ ಇರಕೂಡದು ಎಂಬ ಷರತ್ತುಗಳು ಕೆಳಗೆ. ಕೆಲವು ಕಡೆ ಶುಲ್ಕವೂ ಉಂಟು. ದೊಡ್ಡ ಇಲಾಖೆಗಳಲ್ಲಿ ಈ ಅರ್ಜಿ ಸಸ್ಯ ಮತ್ತು ಪ್ರಾಣಿಗಳ ಬಗ್ಗೆ ತಿಳಿದ ಸಿಬ್ಬಂದಿಯ ಮೇಜಿಗೂ ಹೋಗುತ್ತದೆ. ಅವರು ತಮ್ಮ ನಕಾಶೆಯನ್ನು ಅದರ ಮೇಲಿಟ್ಟು ನೋಡಿ, ಆ ಇಳಿಜಾರಿನಲ್ಲಿ ವಿರಳವಾದ ಗಿಡವೊಂದಿದೆ, ಈ ಮರದಲ್ಲಿ ವಸಂತದಲ್ಲಿ ಹಕ್ಕಿ ಗೂಡು ಕಟ್ಟುತ್ತದೆ, ಇನ್ನೂರು ಅಡಿ ಆಚೆಗಾದರೆ ಅಡ್ಡಿಯಿಲ್ಲ ಎಂದು ಷರಾ ಬರೆಯುತ್ತಾರೆ. ಊರಿನವರಿಗೆ ಆ ಗಿಡದ ಹೆಸರನ್ನೇ ಹೇಳದೆ ಗುಟ್ಟಾಗಿ ಕಾಪಾಡಿಕೊಂಡು ಬಂದಿರುವ ಇಲಾಖೆಗೂ ಬಚ್ಚಿಡುವ ಕಲೆ ಹೊಸದಲ್ಲವೆಂಬುದು ಇಂಥ ಷರಾಗಳಿಂದ ತಿಳಿಯುತ್ತದೆ.

ಗುಟ್ಟಿನ ಆಟವೊಂದು ತನ್ನ ಗುಟ್ಟನ್ನು ಮೊದಲೇ ಕಚೇರಿಗೆ ಒಪ್ಪಿಸಬೇಕಾಗಿ ಬಂದದ್ದನ್ನು ಕೆಲವು ಆಟಗಾರರು ಆಟದ ಸಾವು ಎಂದೇ ಭಾವಿಸಿದರು. ಆ ಅಂಜಿಕೆಗೆ ಹೆಚ್ಚು ಆಧಾರವಿಲ್ಲ. ಕಣ್ಣಾಮುಚ್ಚಾಲೆ ಆಡುವಾಗ ಒಂದು ಮಗುವಿನ ಕಣ್ಣು ಮುಚ್ಚಿಕೊಂಡು ಕಟ್ಟೆಯ ಮೇಲೆ ಕೂತ ಅಜ್ಜಿಗೆ ಮಿಕ್ಕ ಮಕ್ಕಳು ಯಾವ ಬಾಗಿಲ ಹಿಂದೆ, ಯಾವ ಕಣಜದ ಮರೆಯಲ್ಲಿ ಅಡಗಿದರೆಂಬುದು ಪೂರಾ ಗೊತ್ತಿರುತ್ತದೆ. ಅಜ್ಜಿಗೆ ಗೊತ್ತಿದೆಯೆಂದು ಆಟ ಕೆಡುವುದಿಲ್ಲ, ಅವಳು ಬಾಯಿಬಿಟ್ಟರೆ ಕೆಡುತ್ತದೆ ಅಷ್ಟೆ. ಇಲಾಖೆಗೆ ವಹಿಸಲಾದ ಪಾತ್ರ ಆ ಅಜ್ಜಿಯದು. ಹಾಗೆ ನೋಡಿದರೆ ಡಬ್ಬಿ ಎಲ್ಲಿದೆಯೆಂಬುದು ಇಲಾಖೆಗೆ ಗೊತ್ತಿಲ್ಲದಿರುವುದೇ ಆಟಗಾರರಿಗೆ ಹೆಚ್ಚು ಅಪಾಯಕರ, ಏಕೆಂದರೆ ಹುಲ್ಲು ಕತ್ತರಿಸುವ ನೌಕರರು ಅನುಮತಿಯಿಲ್ಲದ ಡಬ್ಬಿಯನ್ನು ಕಂಡ ದಿನವೇ ಕಸದ ಗಾಡಿಗೆ ಎಸೆಯುತ್ತಾರೆ, ಅದು ಅವರ ಕರ್ತವ್ಯವೂ ಹೌದು.

ಅಧಿಕಾರಿಗಳ ಆತಂಕಗಳಲ್ಲಿ ಕೆಲವನ್ನು ತೇಲಿಸಿಬಿಡಬಹುದು, ಕೆಲವನ್ನು ಬಿಡಲಾಗದು. ಬಿಡಲಾಗದವುಗಳಲ್ಲಿ ಮೊದಲನೆಯದು ನೆಲದ ಸವೆತ. ಜಿಪಿಎಸ್ ಉಪಕರಣ ಜಾಗವನ್ನು ಚುಕ್ಕಿಯಾಗಿ ತೋರಿಸಿದರೂ ವಾಸ್ತವದಲ್ಲಿ ಅದು ಕೆಲವು ಮೀಟರುಗಳ ತ್ರಿಜ್ಯದ ವೃತ್ತ; ಬಂದವರೆಲ್ಲ ಆ ವೃತ್ತದೊಳಗೆ ಸುತ್ತಿ ಸುತ್ತಿ ಹುಡುಕುತ್ತಾರೆ, ಎಲೆಗೊಬ್ಬರ ಕೆದಕುತ್ತಾರೆ, ಹಳೆಯ ಕಲ್ಲುಗೋಡೆಯಿದ್ದರೆ ಒಂದೊಂದೇ ಕಲ್ಲು ತೆಗೆದು ನೋಡುತ್ತಾರೆ. ದಾರಿಯಿಂದ ಡಬ್ಬಿಯವರೆಗೆ ಮೊದಲು ಹುಲ್ಲು ಬಾಗುತ್ತದೆ, ಆಮೇಲೆ ಮಣ್ಣು ಕಾಣುತ್ತದೆ, ಕೊನೆಗೆ ಇಲಾಖೆ ಹಾಕದ ಹೊಸ ಕಾಲುದಾರಿಯೊಂದು ತಾನೇ ತಾನಾಗಿ ನಿಲ್ಲುತ್ತದೆ. ಆಟಗಾರರು ಇದಕ್ಕೆ ಜಿಯೋಟ್ರೇಲ್ ಎಂದು ಹೆಸರಿಟ್ಟು, ಹುಡುಕುವಾಗ ಅದನ್ನೇ ಸುಳಿವಾಗಿ ಬಳಸಿಕೊಳ್ಳುವಷ್ಟು ನಿರ್ಲಜ್ಜರೂ ಆಗಿದ್ದಾರೆ. ಕೆಲವು ಇಲಾಖೆಗಳು ನಿಗದಿಯಾದ ವರ್ಷಗಳು ಕಳೆದ ಮೇಲೆ ಡಬ್ಬಿಯ ಜಾಗ ಬದಲಿಸಬೇಕೆಂದು ವಿಧಿಸಿರುವುದು ನೆಲ ಸುಧಾರಿಸಿಕೊಳ್ಳಲೆಂದೇ. ಹೊಲವನ್ನು ಬೀಳುಬಿಡುವ ಒಕ್ಕಲಿಗರಿಗೆ ಈ ಷರತ್ತನ್ನು ಯಾರೂ ವಿವರಿಸಬೇಕಾಗಿಲ್ಲ.

ಎರಡನೆಯದು ಭಯ. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಎಂಬ ಪ್ರಕಟಣೆಯನ್ನು ಬಸ್ ನಿಲ್ದಾಣದಲ್ಲೂ ರೈಲ್ವೆ ನಿಲ್ದಾಣದಲ್ಲೂ ಕೇಳಿ ಬೆಳೆದ ಓದುಗರಿಗೆ ಇದು ಬೇಗ ಮನದಟ್ಟಾಗುತ್ತದೆ. ಅಮೆರಿಕದಲ್ಲಿ ಕ್ಯಾಶ್‌ಗೆ ಬಹಳ ಮೆಚ್ಚುಗೆಯಾದ ಪೆಟ್ಟಿಗೆಯೆಂದರೆ ಸೈನ್ಯದವರು ಗುಂಡುಗಳನ್ನು ತುಂಬಿಡುತ್ತಿದ್ದ ಹಸಿರು ಬಣ್ಣದ ಲೋಹದ ಪೆಟ್ಟಿಗೆ. ಹಳೆಯ ಸೇನಾ ಸರಕಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ರಬ್ಬರ್ ಪಟ್ಟಿಯ ಮುಚ್ಚಳವಿರುವುದರಿಂದ ನೀರು ಇಳಿಯದು, ವರ್ಷಗಟ್ಟಲೆ ಬಾಳುತ್ತದೆ. ನೀರಿನ ದೃಷ್ಟಿಯಿಂದ ಅತ್ಯುತ್ತಮವಾದ ಈ ಆಯ್ಕೆ 2001ರ ಸೆಪ್ಟೆಂಬರಿನ ಭಯೋತ್ಪಾದಕ ದಾಳಿಯ ಅನಂತರದ ಅಮೆರಿಕದಲ್ಲಿ ಸೇತುವೆಯ ಕೆಳಗೆ ಹೇಗೆ ಕಂಡಿತೆಂಬುದನ್ನು ಊಹಿಸಬಹುದು. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಪಟ್ಟಣದಲ್ಲಿ ಕೆಫೆಯೊಂದರ ಹೊರಗಿದ್ದ ಪುಟ್ಟ ಡಬ್ಬಿಯನ್ನು ಬಾಂಬೆಂದು ಶಂಕಿಸಿ, ಬೀದಿ ಖಾಲಿಮಾಡಿಸಿ, ಸೇನೆಯ ಬಾಂಬ್ ನಿಷ್ಕ್ರಿಯ ದಳದವರು ಅದನ್ನು ಸ್ಫೋಟಿಸಿದರು. ಆಮೇಲೆ ಆ ದೇಶದಲ್ಲಿ ಪಟ್ಟಣದೊಳಗಿನ ಡಬ್ಬಿಗಳ ಕಟ್ಟಳೆಗಳು ಬಿಗಿಯಾದವು. ಇಂಥ ಸಂದರ್ಭಗಳಲ್ಲಿ ಅನುಮತಿ ಪತ್ರದ ಉಪಯೋಗ ಕೇವಲ ಶಿಷ್ಟಾಚಾರದ್ದಲ್ಲ, ಯಾಕೆಂದರೆ ಪೊಲೀಸರ ದೂರವಾಣಿಗೆ ಉತ್ತರಿಸುವ ಉದ್ಯಾನ ಸಿಬ್ಬಂದಿ ಕಡತ ನೋಡಿ, ಆ ಮರದ ಬುಡದಲ್ಲಿರುವುದು ಹಸಿರು ಬಣ್ಣದ ಇಂಥದೇ ಪೆಟ್ಟಿಗೆ, ಒಳಗೆ ಲಾಗ್ ಪುಸ್ತಕವಿದೆ ಎಂದು ಹೇಳಬಲ್ಲರು.

ಸ್ಮಶಾನಗಳ ವಿಚಾರ ಪ್ರತ್ಯೇಕವಾದದ್ದು. ಹಳೆಯ ಸಮಾಧಿಗಳ ಮೇಲಿನ ಬರಹಗಳನ್ನು ಓದಿಸಬೇಕೆಂಬ ಸದುದ್ದೇಶದಿಂದಲೇ ಹಲವರು ಅಲ್ಲಿ ಡಬ್ಬಿಗಳನ್ನಿಟ್ಟರು. ಆದರೆ ಕೆಲವರ ಮನೆಯ ಹಿರಿಯರು ಮಲಗಿರುವ ಜಾಗ ಇನ್ನು ಕೆಲವರ ಆಟದ ಅಂಗಳವಾದದ್ದು ಎಲ್ಲರಿಗೂ ಹಿಡಿಸಲಿಲ್ಲ. 2005ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯದ ಶಾಸನಸಭೆಯ ಕೆಳಮನೆ, ಸ್ಮಶಾನಗಳಲ್ಲೂ ಐತಿಹಾಸಿಕ ಮತ್ತು ಪುರಾತತ್ವ ಸ್ಥಳಗಳಲ್ಲೂ ಒಡೆಯರ ಅನುಮತಿಯಿಲ್ಲದೆ ಈ ಆಟವಾಡುವುದನ್ನು ಅಪರಾಧವೆನ್ನುವ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಮಸೂದೆ ಮೇಲ್ಮನೆಯಲ್ಲಿ ನಿಂತುಹೋಗಿ ಕಾಯ್ದೆಯಾಗಲಿಲ್ಲವಾದರೂ, ಅದುವರೆಗೆ ಅನುಮತಿಯೆಂದರೆ ಮೂಗು ಮುರಿಯುತ್ತಿದ್ದವರ ಮೇಲೆ ಅದು ಮಾಡಿದ ಪರಿಣಾಮ ಯಾವ ಉಪದೇಶವೂ ಮಾಡದಂಥದು. ಕೇಳಿ ಪಡೆಯದಿದ್ದರೆ ಕಾನೂನು ಬಂದು ಕಸಿದುಕೊಳ್ಳುತ್ತದೆ ಎಂಬುದು ಆಗ ಮನವರಿಕೆಯಾಯಿತು.

ಇಲಾಖೆಯಿಂದ ಪಾರಾದ ಡಬ್ಬಿಗೆ ಇನ್ನೊಂದು ಕಚೇರಿ ಕಾದಿರುತ್ತದೆ, ಅದು ಆಟದವರದೇ. ರಿವ್ಯೂವರ್ ಎಂದು ಕರೆಯಲಾಗುವ ಸ್ವಯಂಸೇವಕರು ಪ್ರತಿಯೊಂದು ಹೊಸ ಡಬ್ಬಿಯ ವಿವರವನ್ನು ಪ್ರಕಟಣೆಗೆ ಮುನ್ನ ಪರಿಶೀಲಿಸುತ್ತಾರೆ: ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೆಯ ಒಂದು ಭಾಗ, ದೂರದಲ್ಲಿದೆಯೇ, ಶಾಲೆಗೋ ರೈಲು ಹಳಿಗೋ ತೀರ ಹತ್ತಿರವಿದೆಯೇ, ಆ ಉದ್ಯಾನ ಅನುಮತಿ ಕೇಳುವ ಇಲಾಖೆಗೆ ಸೇರಿದ್ದೇ, ಸೇರಿದ್ದರೆ ಅನುಮತಿ ಕೊಟ್ಟವರು ಯಾರು. ಸಂಬಳವಿಲ್ಲದ ಈ ಗುಮಾಸ್ತರ ಕಟ್ಟುನಿಟ್ಟು ಸಂಬಳ ಪಡೆಯುವ ಗುಮಾಸ್ತರನ್ನು ನಾಚಿಸುವಂಥದು. ಸರ್ಕಾರದ ಕಚೇರಿಯನ್ನು ಹಳಿಯುವ ಜನರು ತಮಗೆ ತಾವೇ ಕಟ್ಟಿಕೊಂಡ ಕಚೇರಿಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಳ್ಳುವುದು ಸಂಘ ಸಂಸ್ಥೆಗಳ ಪರಿಚಯವಿದ್ದವರಿಗೆ ಹೊಸ ಸುದ್ದಿಯೇನಲ್ಲ.

ಬ್ರಿಟನ್ನಿನಲ್ಲಿ ಈ ಬಗೆಯ ಆಟಕ್ಕೆ ಹಳೆಯ ಬೇರುಗಳಿರುವುದರಿಂದ ಅಲ್ಲಿನ ನಡೆ ಸ್ವಲ್ಪ ಬೇರೆ. ಡಾರ್ಟ್‌ಮೂರ್ ಎಂಬ ಬೋಳುಗುಡ್ಡದ ಸೀಮೆಯಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗ ಕ್ರಾನ್‌ಮಿಯರ್ ಪೂಲ್ ಬಳಿ ಒಂದು ಬಾಟಲಿಯನ್ನಿಟ್ಟು, ಅಷ್ಟು ದೂರ ನಡೆದು ಬಂದ ಪ್ರವಾಸಿಗಳು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಬಿಡುವ ವಾಡಿಕೆ ಹಾಕಿಕೊಟ್ಟ. ಲೆಟರ್‌ಬಾಕ್ಸಿಂಗ್ ಎಂದು ಬೆಳೆದ ಆ ಹವ್ಯಾಸಕ್ಕೆ ಉಪಗ್ರಹ ಬೇಕಾಗಿರಲಿಲ್ಲ. ಒಂದೂವರೆ ಶತಮಾನ ಡಬ್ಬಿಗಳನ್ನು ಸಹಿಸಿ ರೂಢಿಯಿದ್ದ ಆ ದೇಶದಲ್ಲಿ ಒಬ್ಬೊಬ್ಬರೇ ಹೋಗಿ ಕೇಳುವುದಕ್ಕಿಂತ ಆಟಗಾರರ ಸಂಘವೇ ಭೂಮಿಯ ಒಡೆಯರೊಡನೆ ಮಾತಾಡಿ ಒಪ್ಪಂದ ಮಾಡಿಕೊಂಡು, ಯಾರ ಭೂಮಿಯಲ್ಲಿ ಯಾವ ಷರತ್ತಿಗೆ ಒಳಪಟ್ಟು ಇಡಬಹುದೆಂಬ ಪಟ್ಟಿಯನ್ನು ಎಲ್ಲರಿಗೂ ಸಿಗುವಂತೆ ಮಾಡುವ ಪದ್ಧತಿ ಬೆಳೆಯಿತು. ಬುದ್ಧಿವಂತಿಕೆಯ ಮಾರ್ಗ ಇದೇ ಎಂದು ತೋರುತ್ತದೆ; ಬಿಡಿಬಿಡಿಯಾದ ನೂರು ಅರ್ಜಿಗಳಿಂದ ದಣಿಯುವ ಕಚೇರಿ ಒಂದೇ ಒಪ್ಪಂದಕ್ಕೆ ಹೆಚ್ಚು ಸುಲಭವಾಗಿ ಮಣಿಯುತ್ತದೆ.

ಅಮೆರಿಕದ ಇಲಾಖೆಗಳಲ್ಲಿ ಮನಸ್ಸು ತಿರುಗಿದ್ದಕ್ಕೆ ಕಾರಣಗಳು ಹಲವು. 2002ರಲ್ಲಿ ಆರಂಭವಾದ, ಡಬ್ಬಿ ಹುಡುಕಲು ಹೋದವರು ಬರುವಾಗ ದಾರಿಯ ಕಸ ಆಯ್ದು ತರಬೇಕೆಂಬ ಚಳವಳಿ ಒಂದು. ಚೀಲ ತುಂಬ ಕಸ ಹೊತ್ತು ತಂದವರನ್ನು ಕಸ ಬಿಟ್ಟುಹೋಗುವವರೆಂದು ದೂರುವುದು ಅಧಿಕಾರಿಗಳಿಗೆ ಕಷ್ಟವಾಯಿತು. 2010ರಲ್ಲಿ ಬಾಯ್ ಸ್ಕೌಟ್ ಸಂಸ್ಥೆ ಈ ಆಟಕ್ಕೊಂದು ಅರ್ಹತಾ ಪದಕವನ್ನೇ ಏರ್ಪಡಿಸಿತು. ಆಮೇಲೆ ಅರ್ಜಿ ಹಿಡಿದು ಬರುವವರಲ್ಲಿ ಸಮವಸ್ತ್ರ ತೊಟ್ಟ ಮಕ್ಕಳೂ ಸೇರಿದರು. ಎಲ್ಲಕ್ಕಿಂತ ಮುಖ್ಯವಾದದ್ದು, ಜನ ಕಾಲಿಡದ ಮೂಲೆಯ ಉದ್ಯಾನಗಳಿಗೂ ಡಬ್ಬಿಯ ನೆಪದಲ್ಲಿ ಕುಟುಂಬಗಳು ಬರತೊಡಗಿದ್ದು. ಮಿನ್ನೆಸೋಟ ರಾಜ್ಯದ ಉದ್ಯಾನಗಳು 2008ರ ಹೊತ್ತಿಗೆ ತಾವೇ ಡಬ್ಬಿಗಳನ್ನಿಟ್ಟು, ಮುಂದಿನ ವರ್ಷಗಳಲ್ಲಿ ಪ್ರಾಣಿ, ಹೂವು, ಹಕ್ಕಿಗಳ ಚಿತ್ರವಿರುವ ಕಾರ್ಡುಗಳನ್ನು ಅವುಗಳಲ್ಲಿ ತುಂಬಿ ಮಕ್ಕಳನ್ನು ಸೆಳೆದವು. ಬಚ್ಚಿಡಲು ಅಪ್ಪಣೆ ಕೇಳಿಸಿಕೊಳ್ಳುತ್ತಿದ್ದ ಕಚೇರಿಯೇ ಬಚ್ಚಿಡುವ ಕೆಲಸಕ್ಕೆ ಇಳಿದಾಗ ಆಟದ ಹಿರಿಯರಲ್ಲಿ ಕೆಲವರಿಗೆ ಸ್ವಲ್ಪ ಕಸಿವಿಸಿಯಾದದ್ದೂ ಉಂಟು. ಸರ್ಕಾರ ಇಟ್ಟ ನಿಧಿಯನ್ನು ಹುಡುಕುವುದರಲ್ಲಿ ಏನೋ ಒಂದು ರುಚಿ ಕಡಿಮೆ ಎಂಬ ಅವರ ಭಾವನೆಯನ್ನು ಸುಳ್ಳೆನ್ನಲಾಗದು.

ರಾಷ್ಟ್ರೀಯ ಉದ್ಯಾನಗಳ ಬಿಕ್ಕಟ್ಟಿಗೆ ಪರಿಹಾರ ಬಂದದ್ದು ಭೂವಿಜ್ಞಾನಿಗಳಿಂದ. ಅಮೆರಿಕದ ಭೂವೈಜ್ಞಾನಿಕ ಸಂಘ 2004ರಲ್ಲಿ ಅರ್ತ್‌ಕ್ಯಾಶ್ ಎಂಬ ಬಗೆಯನ್ನು ಬಳಕೆಗೆ ತಂದಿತು. ಇದರಲ್ಲಿ ಡಬ್ಬಿಯೇ ಇಲ್ಲ. ಅಂಕಿಗಳು ಕರೆದೊಯ್ಯುವುದು ಒಂದು ಬಂಡೆಯ ಪದರಕ್ಕೋ ಜಲಪಾತದ ಅಂಚಿಗೋ ಹಿಮನದಿ ಬಿಟ್ಟುಹೋದ ಕಲ್ಲಿಗೋ. ಬಂದವರು ಅಲ್ಲಿ ನಿಂತು ನೋಡಿ, ಅಳೆದು, ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸಬೇಕು. ತೊರೆದುಹೋದ ಸ್ವತ್ತಿಲ್ಲ, 24 ಗಂಟೆಗಳ ಗಡುವಿಲ್ಲ, ಅಗೆತವಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದೆಂದು ಗಣಿಸಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾದ ಹೆಬ್ಬಂಡೆಯನ್ನು ಬಲ್ಲವರಿಗೆ ಈ ಕಲ್ಪನೆ ತಕ್ಷಣ ಹಿಡಿಯುತ್ತದೆ. ದಿನವೂ ಅದರ ಮೇಲೆ ನಡೆದು ವ್ಯಾಯಾಮ ಮಾಡುವವರಲ್ಲಿ ಅದರ ವಯಸ್ಸು ಹುಡುಕಿದವರು ಎಷ್ಟು ಮಂದಿ ಎಂಬುದು ಬೇರೆಯ ಮಾತು. ಸ್ವಾರಸ್ಯವೆಂದರೆ, ಏನನ್ನೂ ಇಡದ ಈ ಅರ್ತ್‌ಕ್ಯಾಶ್‌ಗೂ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಬೇಕಾಯಿತು. ಎಲ್ಲರೂ ನೋಡಲೆಂದೇ ಉಳಿಸಿಟ್ಟ ಬಂಡೆಯನ್ನು ಜನ ಬಂದು ನೋಡಬಹುದೇ ಎಂದು ಕೇಳಿ ಬರೆದ ಪತ್ರಗಳಿಗೆ ಸೂಪರಿಂಟೆಂಡೆಂಟರು ಗಂಭೀರವಾಗಿಯೇ ಉತ್ತರಿಸಿದರು. ಕಾರಣವೂ ಇಲ್ಲದಿರಲಿಲ್ಲ, ಏಕೆಂದರೆ ಅಂಕಿಗಳು ಪ್ರಕಟವಾದ ಜಾಗಕ್ಕೆ ಪಾದಗಳು ಬರುತ್ತವೆ, ಪಾದಗಳಿಗೆ ಡಬ್ಬಿಯಿದೆಯೋ ಇಲ್ಲವೋ ಎಂಬ ಭೇದವಿಲ್ಲ. ಕಾಲಕ್ರಮದಲ್ಲಿ ಡಬ್ಬಿಗಳ ವಿಷಯದಲ್ಲೂ ಆಯಾ ಉದ್ಯಾನದ ಮುಖ್ಯಸ್ಥರ ವಿವೇಚನೆಗೆ ಕೆಲಮಟ್ಟಿನ ಅವಕಾಶ ದೊರೆಯಿತು.

ಅನುಮತಿ ಪಡೆದವರು ಸಾಮಾನ್ಯವಾಗಿ ಮರೆಯುವ ಅಂಶವೊಂದಿದೆ: ಬಹುತೇಕ ಪತ್ರಗಳಿಗೆ ಅವಧಿಯುಂಟು. ವರ್ಷಕ್ಕೊಮ್ಮೆಯೋ ಎರಡು ಮೂರು ವರ್ಷಗಳಿಗೊಮ್ಮೆಯೋ ನವೀಕರಿಸದಿದ್ದರೆ ಪತ್ರ ಬಿದ್ದುಹೋಗುತ್ತದೆ, ಡಬ್ಬಿಯನ್ನು ತೆಗೆಯಬೇಕಾಗುತ್ತದೆ, ಜಾಲತಾಣದಲ್ಲಿ ಅದರ ಪುಟಕ್ಕೆ ಆರ್ಕೈವ್ ಎಂಬ ಮುದ್ರೆ ಬೀಳುತ್ತದೆ, ಅಂದರೆ ಹಳೆಯ ದಾಖಲೆಯಾಗಿ ಉಳಿದು ಹುಡುಕುವವರ ಪಟ್ಟಿಯಿಂದ ಮರೆಯಾಗುತ್ತದೆ. ಬಾಯಿಮಾತಿನ ಅನುಮತಿಯ ಆಯುಸ್ಸು ಇನ್ನೂ ಬೇಗ ತೀರುತ್ತದೆ. ಒಪ್ಪಿಗೆ ಕೊಟ್ಟ ರೇಂಜರ್‌ಗೆ ವರ್ಗವಾಗಿ ಹೊಸಬರು ಬಂದ ವಾರದಲ್ಲಿ ಡಬ್ಬಿ ಕಸದ ಗಾಡಿ ಏರಿದರೆ ದೂರುವುದಕ್ಕೆ ಆಧಾರವಿರುವುದಿಲ್ಲ. ಕೆಲಸಕ್ಕಾಗಿ ಊರು ಬಿಟ್ಟು ಹೋದವರ, ಆಟದಲ್ಲಿ ಆಸಕ್ತಿ ಕಳೆದುಕೊಂಡವರ ಡಬ್ಬಿಗಳು ಮುಚ್ಚಳ ಬಿರಿದು, ಲಾಗ್ ಪುಸ್ತಕ ತೊಯ್ದು ಹಿಟ್ಟಿನ ಮುದ್ದೆಯಾಗಿ, ಹುಡುಕಿ ಬಂದವರ ದೂರುಗಳಷ್ಟನ್ನೇ ಕೂಡಿಸಿಕೊಳ್ಳುತ್ತ ಬಿದ್ದಿರುತ್ತವೆ. ಆದ್ದರಿಂದ ಎಚ್ಚರವುಳ್ಳ ಇಲಾಖೆಗಳು ಈಚೆಗೆ ಅರ್ಜಿದಾರರ ಹೆಸರಿನ ಜೊತೆಗೆ, ಅವರು ಸಿಗದಿದ್ದಾಗ ಡಬ್ಬಿಯ ಹೊಣೆ ಹೊರುವ ಇನ್ನೊಬ್ಬರ ಹೆಸರನ್ನೂ ಕೇಳುವುದುಂಟು. ಸ್ಥಳೀಯ ಆಟಗಾರರ ಸಂಘಗಳಲ್ಲಿ ಕೆಲವು ಆ ಹೊಣೆಯನ್ನು ವಹಿಸಿಕೊಂಡು, ವಾರಸುದಾರರಿಲ್ಲದ ಡಬ್ಬಿಗಳನ್ನು ಆಯ್ದು ತಂದು ಇಲಾಖೆಗೆ ಲೆಕ್ಕ ಒಪ್ಪಿಸುತ್ತವೆ.